ಟೈಮ್‌ಶೀಟಿನಲ್ಲಿ ಕಾಣದ ಗಂಟೆಗಳು: ಎಷ್ಟು ಹೊತ್ತು ದುಡಿಯಬೇಕು ಅಂತ ತೀರ್ಮಾನ ಮಾಡುವವರು ಯಾರು?

2023ರಿಂದ ಈಚೆಗೆ ಬಂದ ಸುದ್ದಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಯಾರಿಗಾದರೂ ತಲೆ ಗಿರ್ರೆನ್ನುತ್ತದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು, ಭಾನುವಾರದ ಕೆಲಸದ ಮಾತು ಹೊರಬಂತು. ಅದೇ ವರ್ಷ ಜೂನಿನಲ್ಲಿ ಕರ್ನಾಟಕ ಸರ್ಕಾರ ದಿನದ ಕೆಲಸವನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ನವೆಂಬರ್ 21ಕ್ಕೆ ಕೇಂದ್ರದ 4 ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರ ಬೆನ್ನಿಗೇ ‘ಇನ್ನು ವಾರಕ್ಕೆ ನಾಲ್ಕೇ ದಿನ ಕೆಲಸ’ ಎಂಬ ವಾಟ್ಸಾಪ್ ಸಂದೇಶ ಓಡಾಡಿತು. ಡಿಸೆಂಬರಿನಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು, ಕೆಲಸ ಮುಗಿದ ಮೇಲೆ ಆಫೀಸಿನ ಫೋನು ಎತ್ತದೇ ಇರುವ ಹಕ್ಕಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಮಂಡಿಸಿದರು.

ಹಾಗಾದರೆ ಗಂಟೆ ಜಾಸ್ತಿ ಆಗುತ್ತಿದೆಯೋ, ಕಡಿಮೆ ಆಗುತ್ತಿದೆಯೋ?

ಈ ಚರ್ಚೆಯನ್ನು ಬಹಳ ಜನ ಶ್ರದ್ಧೆ ಮತ್ತು ಸೋಮಾರಿತನದ ಜಗಳ ಅಂತಲೇ ನೋಡುತ್ತಾರೆ. ನನಗೆ ಇದರ ಬೇರು ಬೇರೆ ಕಡೆ ಇದೆ ಅನ್ನಿಸುತ್ತದೆ. ಇನ್ನೊಬ್ಬರ ಸಮಯವನ್ನು ಎಷ್ಟು ಬಳಸಬಹುದು ಅಂತ ತೀರ್ಮಾನಿಸುವ ಅಧಿಕಾರ ಕೆಲವರ ಕೈಯಲ್ಲಿದೆ. ಆ ತೀರ್ಮಾನದ ಬೆಲೆ ಎಷ್ಟು ಅನ್ನುವುದು ಅವರ ಕಣ್ಣಿಗೆ ಬೀಳುತ್ತದೆಯೇ? ಬೀಳದ ಹಾಗೆ ಲೆಕ್ಕ ಬರೆಸುತ್ತಿರುವವರು ಯಾರು? ಅಲ್ಲಿಗೆ ಹೋಗುವ ಮುಂಚೆ ಒಂದಿಷ್ಟು ಹಿನ್ನೆಲೆ.

ಮೊದಲು ಕಾನೂನಿನ ಗಂಟು ಬಿಡಿಸೋಣ

ಇಷ್ಟೆಲ್ಲ ಸುದ್ದಿಗಳ ನಡುವೆ ಒಂದು ಅಂಕಿ ಮಾತ್ರ ಅಲ್ಲಾಡಿಲ್ಲ. ಅದು ವಾರಕ್ಕೆ 48 ಗಂಟೆ.

1948ರ ಕಾರ್ಖಾನೆ ಕಾಯ್ದೆಯಲ್ಲಿ ಇದ್ದದ್ದು ಅದೇ. ಐಟಿ ಕಂಪನಿ, ಬ್ಯಾಂಕಿನ ಹಿಂಬದಿ ಕಚೇರಿ, ಶೋರೂಮು, ಹೋಟೆಲು ಇಂಥವಕ್ಕೆ ಅನ್ವಯಿಸುವ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಅದೇ. ಈ 1961ರ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ಓಟಿ (ನಿಗದಿಗಿಂತ ಹೆಚ್ಚಿನ ಹೊತ್ತಿನ ಕೆಲಸ) ಸೇರಿ 10 ಗಂಟೆ, 3 ತಿಂಗಳಿಗೆ ಓಟಿ 50 ಗಂಟೆ ಮೀರುವಂತಿಲ್ಲ. ಓಟಿಗೆ ಸಂಬಳ ದುಪ್ಪಟ್ಟು. ಐಟಿಯವರಿಗೆ ಇದೆಲ್ಲ ಇಲ್ಲ ಅಂತ ಬಹಳ ಜನ ನಂಬಿಕೊಂಡಿದ್ದಾರೆ, ಅದು ತಪ್ಪು. ಐಟಿ ವಲಯಕ್ಕೆ ಕರ್ನಾಟಕ ಕೊಟ್ಟುಕೊಂಡು ಬಂದ, 2024ರ ಮಾರ್ಚಿನಲ್ಲಿ ಮತ್ತೆ 5 ವರ್ಷಕ್ಕೆ ಮುಂದುವರಿಸಿದ ವಿನಾಯಿತಿ ಬೇರೆ ಕಾಯ್ದೆಯದು. 1946ರ ಆ ಕಾಯ್ದೆ ಪಾಳಿ, ರಜೆ, ಶಿಸ್ತು ಕ್ರಮದ ನಿಯಮಗಳನ್ನು ಬರೆದು ಸರ್ಕಾರದಿಂದ ಒಪ್ಪಿಗೆ ಪಡೆಯಬೇಕು ಅನ್ನುತ್ತಿತ್ತು. ಅದರಿಂದ ವಿನಾಯಿತಿ ಸಿಕ್ಕಿತು ಅಂದರೆ ಕೆಲಸದ ಅವಧಿಯ ಮಿತಿಯೂ ಹೋಯಿತು ಅಂತ ಅರ್ಥವಲ್ಲ.

ಇನ್ನು ಹೊಸ ಸಂಹಿತೆಗಳು. ಕೇಂದ್ರದ 29 ಕಾರ್ಮಿಕ ಕಾಯ್ದೆಗಳನ್ನು 4ರಲ್ಲಿ ಒಟ್ಟುಗೂಡಿಸಿದ್ದಾರೆ. ದಿನಕ್ಕೆ 8 ಗಂಟೆ ಎಂದು ಸಂಹಿತೆ ಹೇಳುತ್ತದೆ. ಓಟಿಗೆ ಕಾರ್ಮಿಕರ ಒಪ್ಪಿಗೆ ಬೇಕು, ಸಂಬಳ ದುಪ್ಪಟ್ಟು. ವಾಟ್ಸಾಪಿನ ‘ನಾಲ್ಕು ದಿನ’ದ ಮಾತು ಬಂದದ್ದು ವಾರದ 48 ಗಂಟೆಯನ್ನು ದಿನಕ್ಕೆ 12ರಂತೆ 4 ದಿನದಲ್ಲಿ ಮುಗಿಸಬಹುದು ಎಂಬ ಅವಕಾಶದಿಂದ. ಬೇಕಾದವರು ಬಳಸಬಹುದು, ಕಡ್ಡಾಯವೇನಿಲ್ಲ. ಕರ್ನಾಟಕದ 1961ರ ಕಾಯ್ದೆ ರಾಜ್ಯದ್ದು, ಆ 29ರ ಪಟ್ಟಿಗೆ ಸೇರಿದ್ದಲ್ಲ. ಹಾಗಾಗಿ ಅದು ತನ್ನ ಪಾಡಿಗೆ ಇದೆ.

ಒಂದು ದೊಡ್ಡ ಕಿಂಡಿಯೂ ಇದೆ. ಮ್ಯಾನೇಜರ್ ಮಟ್ಟದ ಕೆಲಸ ಮಾಡುವವರು, ಮೇಲ್ವಿಚಾರಣೆ ಮಾಡುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಜಾಸ್ತಿ ಪಡೆಯುವವರು ಸಂಹಿತೆಯ ‘ಕಾರ್ಮಿಕ’ ಎಂಬ ಪದದೊಳಗೆ ಬರುವುದಿಲ್ಲ. ಕಾನೂನು ನೋಡುವುದು ನಿಜವಾಗಿ ಮಾಡುವ ಕೆಲಸವನ್ನು, ವಿಸಿಟಿಂಗ್ ಕಾರ್ಡಿನ ಹೆಸರನ್ನಲ್ಲ. ಆದರೆ ಇಬ್ಬರು ಹುಡುಗರ ಕೋಡ್ ನೋಡಿಕೊಳ್ಳುವ 27 ವರ್ಷದವರಿಗೂ ‘ಲೀಡ್’ ಎಂಬ ಪಟ್ಟ ಸಿಕ್ಕಿರುತ್ತದೆ. ತಾನು ಒಳಗೋ ಹೊರಗೋ ಅನ್ನುವುದು ಆ ಹುಡುಗನಿಗಾಗಲಿ ಹುಡುಗಿಗಾಗಲಿ ಗೊತ್ತೇ ಇರುವುದಿಲ್ಲ.

144 ಎಂಬ ಅಂಕಿಯಲ್ಲಿ ಏನಿದೆ?

ಜೂನ್ 2025ರ ಪ್ರಸ್ತಾವದ ಬಗ್ಗೆ ಸುದ್ದಿವಾಹಿನಿಗಳು ಮಾತಾಡಿದ್ದು ‘10 ಗಂಟೆ’ಯ ಬಗ್ಗೆ. ಅದಕ್ಕಿಂತ ದೊಡ್ಡ ಬದಲಾವಣೆ ಅದರ ಪಕ್ಕದ ಸಾಲಿನಲ್ಲಿತ್ತು. ಓಟಿ ಸೇರಿ ದಿನಕ್ಕೆ 12 ಗಂಟೆ, 3 ತಿಂಗಳ ಓಟಿ ಮಿತಿ 50ರಿಂದ 144 ಗಂಟೆ. (ಅದಕ್ಕೂ ಒಂದು ವರ್ಷ ಮುಂಚೆ ಐಟಿಗೆ ದಿನಕ್ಕೆ 14 ಗಂಟೆಯ ಮಾತು ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿದಿತ್ತು, ಈ ಸಲವೂ ಇಳಿಯಿತು.)

ಲೆಕ್ಕ ಹಾಕಿ ನೋಡಿ. 3 ತಿಂಗಳಿಗೆ 13 ವಾರ. 50 ಗಂಟೆ ಅಂದರೆ ವಾರಕ್ಕೆ 4 ಗಂಟೆಗೂ ಕಡಿಮೆ, ಒಟ್ಟು ಹತ್ತಿರಹತ್ತಿರ 52. 144 ಅಂದರೆ ವಾರಕ್ಕೆ 11 ಗಂಟೆ, ಒಟ್ಟು 59. ಕಾರ್ಖಾನೆಗಳಲ್ಲಿ ಈ ದಾರಿ ಮೊದಲೇ ತೆರೆದಿತ್ತು. 2023ರಲ್ಲಿ ಕರ್ನಾಟಕ ತಂದ ತಿದ್ದುಪಡಿ ಅಲ್ಲಿನ ಓಟಿ ಮಿತಿಯನ್ನು 75ರಿಂದ 145 ಗಂಟೆಗೆ ಏರಿಸಿತು. ಅಂದರೆ ‘ವಾರಕ್ಕೆ 48’ ಎಂಬ ಮಾತು ಕಾಗದದಲ್ಲಿ ಹಾಗೇ ಇರುತ್ತದೆ, ಕಾನೂನುಬದ್ಧವಾಗಿಯೇ 59 ಗಂಟೆ ದುಡಿಸಬಹುದು.

ಈ 59ರ ಪಕ್ಕ ಒಂದು ಹಳೆಯ ಅಂಕಿ ಇಡಬೇಕು. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತನ್ನ ಮೊಟ್ಟಮೊದಲ ಒಪ್ಪಂದದಲ್ಲಿ ಜಗತ್ತಿನ ಕಾರ್ಖಾನೆಗಳಿಗೆ ದಿನಕ್ಕೆ 8, ವಾರಕ್ಕೆ 48 ಎಂದು ಬರೆಯಿತು. ಅದೇ ಒಪ್ಪಂದದಲ್ಲಿ ಬ್ರಿಟಿಷ್ ಇಂಡಿಯಾಕ್ಕೆ ಬೇರೆ ಕಲಂ ಇತ್ತು, 60 ಗಂಟೆ. ನಮ್ಮವರ ಮೈ ಇನ್ನಷ್ಟು ತಡೆಯುತ್ತದೆ ಎಂಬ ಹಾಗೆ. 60ರಿಂದ 1934ರಲ್ಲಿ 54ಕ್ಕೆ ಇಳಿಯಿತು. 48ಕ್ಕೆ ಬಂದದ್ದು 1946ರಲ್ಲಿ, ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಕಾಲದಲ್ಲಿ. ಒಂದೊಂದು ಗಂಟೆ ಇಳಿಸಲೂ ಮುಷ್ಕರ, ಚರ್ಚೆ, ಮಸೂದೆ ಬೇಕಾಗಿತ್ತು. ಏರಿಸಲು ಮಾತ್ರ ಒಂದು ಸಾಲಿನ ತಿದ್ದುಪಡಿ ಸಾಕು.

ಜಾಸ್ತಿ ದುಡಿಯಬೇಕು ಅನ್ನುವವರ ಮಾತು

ಈ ವಾದವನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ನಾರಾಯಣ ಮೂರ್ತಿಯವರು ಹೇಳಿದ್ದು ಇಷ್ಟು: ನಮ್ಮ ದೇಶದ ಉತ್ಪಾದಕತೆ ಕಡಿಮೆ, ಎರಡನೇ ಮಹಾಯುದ್ಧದ ಬಳಿಕ ಜರ್ಮನಿ, ಜಪಾನ್ ಜನ ಹೆಚ್ಚು ದುಡಿದು ದೇಶ ಕಟ್ಟಿದರು. ತಮ್ಮ ಕಂಪನಿ ಕಟ್ಟುವಾಗ ಅವರೂ ಹಾಗೇ ದುಡಿದವರು, ಅದರಲ್ಲಿ ಸುಳ್ಳಿಲ್ಲ. ಉದ್ಯಮಿಗಳದ್ದು ಇನ್ನೊಂದು ವಾದವಿದೆ. ಕ್ಲೈಂಟ್ ಇರುವುದು ಅಮೆರಿಕದಲ್ಲಿ, ಅಲ್ಲಿ ಬೆಳಗಾದಾಗ ಇಲ್ಲಿ ಕತ್ತಲು, ಬಿಗಿ ವೇಳಾಪಟ್ಟಿ ಇಟ್ಟುಕೊಂಡರೆ ಕೆಲಸವೇ ಸಿಗುವುದಿಲ್ಲ ಅಂತ. ಸರ್ಕಾರಗಳದ್ದು ಪೈಪೋಟಿಯ ಭಯ. 2025ರಲ್ಲೇ ಆಂಧ್ರ, ತೆಲಂಗಾಣ, ಮಹಾರಾಷ್ಟ್ರ ಮೂರೂ ಗಂಟೆಯ ನಿಯಮ ಸಡಿಲಿಸುವ ಹೆಜ್ಜೆ ಇಟ್ಟವು, ನಾವು ಕೂತರೆ ಬಂಡವಾಳ ಗಡಿ ದಾಟುತ್ತದೆ ಎಂಬ ಮಾತು ವಿಧಾನಸೌಧದಲ್ಲಿ ಯಾವಾಗಲೂ ತೂಕದ ಮಾತೇ.

ಆದರೆ ಜರ್ಮನಿಯ ಕತೆ ಅರ್ಧಕ್ಕೇ ನಿಲ್ಲುತ್ತದೆ. ಯುದ್ಧ ಮುಗಿದು 11 ವರ್ಷಕ್ಕೆ, 1956ರಲ್ಲಿ, ಅಲ್ಲಿನ ಕಾರ್ಮಿಕ ಒಕ್ಕೂಟ ‘ಶನಿವಾರ ನಮ್ಮಪ್ಪ ನನ್ನವನು’ ಎಂದು ಮಗು ಹೇಳುವ ಪೋಸ್ಟರ್ ಹಿಡಿದು 5 ದಿನದ ವಾರಕ್ಕೆ ಹೋರಾಡಿತು, ಬರಬರುತ್ತಾ ಪಡೆಯಿತು ಕೂಡ. ದೇಶ ಬೆಳೆಯುತ್ತಾ ಹೋದದ್ದು ಗಂಟೆ ಇಳಿಯುತ್ತಿದ್ದ ಹೊತ್ತಿನಲ್ಲೇ.

ಇನ್ನು ಸ್ಥಾಪಕರು ದುಡಿಯುವುದಕ್ಕೂ ನೌಕರರು ದುಡಿಯುವುದಕ್ಕೂ ಇರುವ ವ್ಯತ್ಯಾಸ. ಕಂಪನಿ ಕಟ್ಟುವವರು ಹಾಕುವ ಹೆಚ್ಚಿನ ಗಂಟೆ ಅವರ ಪಾಲಿಗೆ ಷೇರಾಗಿ ವಾಪಸ್ ಬರುತ್ತದೆ. ನೌಕರರಿಗೆ ಅದು ಬರುವ ದಾರಿ ಓಟಿ ಒಂದೇ. 70 ಗಂಟೆ ದುಡಿಸಿದರೆ 48ರ ಮೇಲಿನ 22 ಗಂಟೆಗೆ ದುಪ್ಪಟ್ಟು ಕೊಡಬೇಕು, ಅಂದರೆ ಒಟ್ಟು 92 ಗಂಟೆಯ ಸಂಬಳ. 70ರ ಮಾತಾಡಿದ ಯಾವ ವೇದಿಕೆಯಲ್ಲೂ 92ರ ಮಾತು ನನ್ನ ಕಿವಿಗೆ ಬಿದ್ದಿಲ್ಲ. 90 ಗಂಟೆ ಎಂದ ಅಧ್ಯಕ್ಷರ 2023–24ರ ಸಂಭಾವನೆ 51 ಕೋಟಿ ರೂಪಾಯಿ, ಅದೇ ಕಂಪನಿಯ ನೌಕರರ ಮಧ್ಯಮ (ಮೀಡಿಯನ್) ಸಂಬಳದ 534 ಪಟ್ಟು. ಈ ಅಂತರ ಇರುವಲ್ಲಿ ‘ನಾನೂ ಭಾನುವಾರ ಕೆಲಸ ಮಾಡುತ್ತೇನೆ’ ಎಂಬ ಮಾತಿಗೆ ಕೆಳಗಿರುವವರು ತಲೆದೂಗುವುದು ಕಷ್ಟ.

ಈ ಚರ್ಚೆಯಲ್ಲಿ ‘ಕಾಯಕವೇ ಕೈಲಾಸ’ವನ್ನೂ ಎಳೆದು ತರುತ್ತಾರೆ. ಅದೇ ಶರಣರ ಕತೆಗಳಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಾಳೆ. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟು ಬೇಡ, ಹೋಗಿ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದವಳು. ಕಾಯಕಕ್ಕೆ ಅಳತೆಯೂ ಇತ್ತು.

ಮೈಯ ಲೆಕ್ಕ, ಮಾಲಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಂದಾಜು ಹೊರತಂದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. ನಮ್ಮ ಕೇಂದ್ರ ಸರ್ಕಾರದ್ದೇ 2024–25ರ ಆರ್ಥಿಕ ಸಮೀಕ್ಷೆ 60 ಗಂಟೆ ಮೀರಿದ ದುಡಿಮೆ ಆರೋಗ್ಯಕ್ಕೆ ಕೆಡುಕು ಎಂಬ ಸಂಶೋಧನೆಗಳನ್ನು ಉಲ್ಲೇಖಿಸಿತು. ಮೇಲಿನ 59 ಎಂಬ ಅಂಕಿ ಈ ಎರಡರ ನಡುವೆ ನಿಲ್ಲುತ್ತದೆ.

ಸರಿ, ಆರೋಗ್ಯ ಬಿಡಿ, ಕೆಲಸವಾದರೂ ಜಾಸ್ತಿ ಆಗುತ್ತದಾ? ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದುಡಿದವರ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ ಮತ್ತೆ ಲೆಕ್ಕ ಹಾಕಿದರು. ವಾರಕ್ಕೆ 49 ಗಂಟೆಯ ತನಕ ಗಂಟೆಗೆ ತಕ್ಕಂತೆ ಮಾಲು ತಯಾರಾಗುತ್ತಿತ್ತು. ಆಮೇಲೆ ಏರಿಕೆ ನಿಧಾನವಾಯಿತು. 70 ಗಂಟೆ ದುಡಿದಾಗ ಬಂದ ಮಾಲಿಗೂ 56 ಗಂಟೆಯಲ್ಲಿ ಬಂದ ಮಾಲಿಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಆ 14 ಗಂಟೆ ಯಾರಿಗೂ ದಕ್ಕಲಿಲ್ಲ.

ಭಾರತದಲ್ಲಿ ಅರ್ಧದಷ್ಟು ಕಾರ್ಮಿಕರು ಈಗಾಗಲೇ ವಾರಕ್ಕೆ 49 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದಾರೆ ಎಂದು ಕಾರ್ಮಿಕ ಸಂಸ್ಥೆಯ ಅಂಕಿಅಂಶ ಹೇಳುತ್ತದೆ. ಗಂಟೆಯಿಂದಲೇ ಉತ್ಪಾದಕತೆ ಬರುವುದಾಗಿದ್ದರೆ ಇಷ್ಟರಲ್ಲಿ ಬಂದಿರಬೇಕಿತ್ತು, ಅಲ್ವಾ?

ಸುಳ್ಳು ಟೈಮ್‌ಶೀಟ್ ಹುಟ್ಟುವ ಬಗೆ

ಇಷ್ಟೆಲ್ಲ ಕಾನೂನು, ಇಷ್ಟೆಲ್ಲ ಅಧ್ಯಯನ ಇದ್ದರೂ ಕಚೇರಿಗಳಲ್ಲಿ ಏನೂ ಬದಲಾಗದೇ ಇರುವುದಕ್ಕೆ ಕಾರಣ ಬೋರ್ಡ್‌ರೂಮಿನಲ್ಲೋ ಸಂಸತ್ತಿನಲ್ಲೋ ಇರುವುದಕ್ಕಿಂತ ಹೆಚ್ಚಾಗಿ ಒಂದು ಸಣ್ಣ ಫಾರಂನಲ್ಲಿದೆ. ಎಷ್ಟು ಗಂಟೆ ದುಡಿದೆವು ಅಂತ ಪ್ರತಿ ಶುಕ್ರವಾರ ತುಂಬಬೇಕಾದ ಟೈಮ್‌ಶೀಟ್.

ಒಂದು ಸಾಫ್ಟ್‌ವೇರ್ ಪ್ರಾಜೆಕ್ಟ್ ಹುಟ್ಟುವ ಕ್ರಮ ನೋಡೋಣ. ಮೂರು ಕಂಪನಿಗಳು ಒಂದೇ ಕ್ಲೈಂಟಿಗೆ ದರ ಹೇಳುತ್ತವೆ. ತಂಡದವರು 10 ಜನ, 6 ತಿಂಗಳು ಬೇಕು ಅಂತ ಎಸ್ಟಿಮೇಟ್ ಕೊಟ್ಟಿರುತ್ತಾರೆ. ಸೇಲ್ಸ್‌ನವರು ಅದನ್ನು 8 ಜನ, 5 ತಿಂಗಳು ಅಂತ ಕತ್ತರಿಸುತ್ತಾರೆ, ಏಕೆಂದರೆ ಕತ್ತರಿಸದಿದ್ದರೆ ಕೆಲಸ ಪಕ್ಕದ ಕಂಪನಿಗೆ ಹೋಗುತ್ತದೆ. ಕತ್ತರಿಸಿದವರಿಗೆ ಆ ತ್ರೈಮಾಸಿಕದ ಬೋನಸ್ ಬರುತ್ತದೆ. ದರ ಮೊದಲೇ ನಿಗದಿಯಾದ ಒಪ್ಪಂದವಾದ್ದರಿಂದ ಆಮೇಲೆ ಕ್ಲೈಂಟ್ ಹತ್ತಿರ ಹೆಚ್ಚು ಕೇಳುವಂತಿಲ್ಲ. ಈಗ 60 ಜನ-ತಿಂಗಳ ಕೆಲಸವನ್ನು 40ರಲ್ಲಿ ಮುಗಿಸಬೇಕು. ಉಳಿದ 20 ಎಲ್ಲಿಂದ ಬರಬೇಕು? ಆ 8 ಜನರ ಸಂಜೆಗಳಿಂದ, ಶನಿವಾರಗಳಿಂದ, ನಿದ್ದೆಯಿಂದ.

ಯಾರೂ ಇಲ್ಲಿ ‘ಓಟಿ ಮಾಡಿ’ ಅಂತ ಹೇಳುವುದಿಲ್ಲ. ಮ್ಯಾನೇಜರ್ ರಾತ್ರಿ 9ಕ್ಕೆ ‘ಇದು ನಾಳೆ ಬೆಳಗ್ಗೆಯ ಸ್ಟ್ಯಾಂಡಪ್ ಮೀಟಿಂಗ್ ಒಳಗೆ ಆಗುತ್ತಾ?’ ಅಂತ ಮೆಸೇಜು ಹಾಕುತ್ತಾರೆ, ಅಷ್ಟೇ. ಆಗುವುದಿಲ್ಲ ಅನ್ನುವುದಕ್ಕೆ ಅಪ್ರೈಸಲ್ ಅಡ್ಡ ಬರುತ್ತದೆ. ವಾರದ ಕೊನೆಗೆ ಟೈಮ್‌ಶೀಟ್ ತೆರೆದರೆ ಅಲ್ಲಿ ದಿನಕ್ಕೆ 8 ಅಥವಾ 9 ಅಂತ ಬರೆಯಬೇಕು. 13 ಅಂತ ಬರೆದರೆ ಎಲ್ಲರಿಗೂ ತೊಂದರೆ. ಮ್ಯಾನೇಜರಿಗೆ ಪ್ರಾಜೆಕ್ಟ್ ವೆಚ್ಚ ಏರಿತು ಅಂತ ಮೇಲಿನಿಂದ ಪ್ರಶ್ನೆ, ಎಚ್‌ಆರ್‌ಗೆ ದುಪ್ಪಟ್ಟು ಸಂಬಳದ ಪ್ರಶ್ನೆ, ಬರೆದವರಿಗೆ ‘ನಿನಗೆ ಇಷ್ಟು ಹೊತ್ತು ಯಾಕೆ ಬೇಕಾಯ್ತು’ ಎಂಬ ಪ್ರಶ್ನೆ. ಎಲ್ಲರೂ ಸೇರಿ 9 ಅಂತ ಒಪ್ಪಿಕೊಳ್ಳುತ್ತಾರೆ. ಯಾರೂ ಕೆಟ್ಟವರಾಗದೆ, ಯಾರೂ ಕೂತು ಸಂಚು ಮಾಡದೆ ಸುಳ್ಳು ದಾಖಲೆಗೆ ಹೋಗುತ್ತದೆ.

ಕೆಡುಕು ಅಲ್ಲಿಗೇ ನಿಲ್ಲುವುದಿಲ್ಲ. ಮುಂದಿನ ಪ್ರಾಜೆಕ್ಟಿಗೆ ದರ ಹೇಳುವಾಗ ಹಳೆಯ ಟೈಮ್‌ಶೀಟನ್ನೇ ನೋಡುತ್ತಾರೆ. ‘ಹೋದ ಸಲ 8 ಜನ, 5 ತಿಂಗಳಲ್ಲಿ, ದಿನಕ್ಕೆ 9 ಗಂಟೆಯಲ್ಲೇ ಮುಗಿದಿದೆಯಲ್ಲ!’ ಹಾಗಾಗಿ ಈ ಸಲದ ಕತ್ತರಿ ಅಲ್ಲಿಂದಲೇ ಶುರು. ಮೇಲಿರುವ ನಾಯಕರಿಗೆ ಸಿಗುವ ಪ್ರತಿ ವರದಿಯಲ್ಲೂ ಎಲ್ಲ ಸರಿಯಾಗಿದೆ. ಅವರು ವೇದಿಕೆ ಹತ್ತಿ ಯುವಕರು ಇನ್ನಷ್ಟು ದುಡಿಯಬೇಕು ಅನ್ನುವಾಗ, ತಮ್ಮ ಕೆಳಗಿನವರು ಈಗಾಗಲೇ ಎಷ್ಟು ದುಡಿಯುತ್ತಿದ್ದಾರೆ ಎಂಬ ಅಂಕಿ ಅವರ ಮುಂದೆ ಇರುವುದೇ ಇಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತೇವೆ. ಇಲ್ಲಿ ದರ ಕತ್ತರಿಸಿ ಉಪ್ಪು ತಿಂದವರೊಬ್ಬರು, ರಾತ್ರಿಯಿಡೀ ನೀರು ಕುಡಿಯುವವರು ಇನ್ನೊಬ್ಬರು.

ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಇದೇ ಕತೆ ಬೇರೆ ಭಾಷೆಯಲ್ಲಿ ನಡೆಯುತ್ತದೆ. ಅಲ್ಲಿ ಎಸ್ಟಿಮೇಟ್ ಜಾಗದಲ್ಲಿ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್. ಮುಗಿಯದಿದ್ದರೆ ಊಟದ ಹೊತ್ತಿನಲ್ಲಿ, ಪಂಚ್ ಔಟ್ ಮಾಡಿದ ಮೇಲೆ ಕೂತು ಹೊಲಿಗೆ. ಮಿಷನ್ ಮುಂದೆ ಕೂತ ಹೆಂಗಸಿಗೂ ಕೀಬೋರ್ಡ್ ಮುಂದೆ ಕೂತ ಹುಡುಗನಿಗೂ ಸಂಬಳದಲ್ಲಿ ಅಜಗಜಾಂತರ, ಆದರೆ ದಾಖಲೆಯಿಂದ ಮಾಯವಾಗುವ ಗಂಟೆ ಒಂದೇ ಜಾತಿಯದು.

ಕಂಪನಿಗಳಿಗೆ ನಿಜವಾದ ಗಂಟೆ ತಿಳಿಯುವುದು ಸಾಧ್ಯವಿಲ್ಲವೇ? ಸಾಧ್ಯವಿದೆ. 2025ರಲ್ಲಿ ಇನ್ಫೋಸಿಸ್ಸೇ, ಮನೆಯಿಂದ ಕೆಲಸ ಮಾಡುವಾಗ ದಿನಕ್ಕೆ 9 ಗಂಟೆ 15 ನಿಮಿಷದ ಸರಾಸರಿ ಮೀರಿದ ನೌಕರರಿಗೆ, ಆರೋಗ್ಯ ನೋಡಿಕೊಳ್ಳಿ, ಬಿಡುವು ತೆಗೆದುಕೊಳ್ಳಿ ಎಂದು ಇಮೇಲ್ ಕಳಿಸಿದ ಸುದ್ದಿ ಬಂತು. ಒಳ್ಳೆಯ ಹೆಜ್ಜೆ. ಲಾಗಿನ್ ದಾಖಲೆ ಇದೆ, ಓದುವ ವ್ಯವಸ್ಥೆಯೂ ಇದೆ ಎಂದು ಅದರಿಂದ ಗೊತ್ತಾಯಿತು. ಆದರೆ ಇಮೇಲ್ ಹೋದದ್ದು ನೌಕರರಿಗೆ. ಎಸ್ಟಿಮೇಟ್ ಕತ್ತರಿಸುವವರ ಬೋನಸ್ಸಿಗೂ ಆ ಅಂಕಿಗೂ ನಂಟು ಬೆಸೆದರೆ ಪರಿಣಾಮವೇ ಬೇರೆ ಇರುತ್ತದೆ.

ಜಪಾನ್ ಎರಡು ಸಲ ಕಲಿತ ಪಾಠ

70 ಗಂಟೆಯ ವಾದಕ್ಕೆ ಉದಾಹರಣೆಯಾಗಿ ಬರುವ ಜಪಾನಿನಲ್ಲಿ ದುಡಿದು ಸಾಯುವುದಕ್ಕೆ ‘ಕರೋಶಿ’ ಎಂಬ ಪದವೇ ಇದೆ. ಅಲ್ಲಿನ ಜಾಹೀರಾತು ದೈತ್ಯ ಡೆಂಟ್ಸು ಕಂಪನಿಯಲ್ಲಿ 1991ರಲ್ಲಿ 24 ವರ್ಷದ ಉದ್ಯೋಗಿಯೊಬ್ಬ ವಿಪರೀತ ಕೆಲಸದಿಂದ ಕುಗ್ಗಿ ಪ್ರಾಣ ಕಳೆದುಕೊಂಡ. ನೌಕರರ ಆರೋಗ್ಯ ಕೆಡದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಆತ ತಾನೇ ಬರೆದುಕೊಟ್ಟ ಓಟಿ ನಿಜಕ್ಕಿಂತ ತೀರಾ ಕಡಿಮೆ ಇತ್ತು, ಮೇಲಿನವರಿಗೆ ಅದು ಗೊತ್ತಿತ್ತು.

2015ರ ಡಿಸೆಂಬರಿನಲ್ಲಿ ಅದೇ ಕಂಪನಿಯಲ್ಲಿ ಮತ್ತೆ 24 ವರ್ಷದ ಹೆಣ್ಣುಮಗಳೊಬ್ಬಳು ಹಾಗೇ ಹೋದಳು. ಅಲ್ಲಿ ಒಪ್ಪಂದದ ಓಟಿ ಮಿತಿ ತಿಂಗಳಿಗೆ 70 ಗಂಟೆ. ಆಕೆಯ ಅಕ್ಟೋಬರ್ ತಿಂಗಳ ದಾಖಲೆಯಲ್ಲಿ ಇದ್ದದ್ದು 69.9. ಕಾರ್ಮಿಕ ಇಲಾಖೆ ಲೆಕ್ಕ ಹಾಕಿದಾಗ ಸಿಕ್ಕಿದ್ದು ತಿಂಗಳಿಗೆ 100 ಗಂಟೆಗೂ ಜಾಸ್ತಿ. ಕೈಗೆತ್ತಿಕೊಂಡ ಕೆಲಸವನ್ನು ಸತ್ತರೂ ಬಿಡಬೇಡ ಎಂಬರ್ಥದ ಸಾಲು ಆ ಕಂಪನಿಯ ಕೈಪಿಡಿಯಲ್ಲಿ ದಶಕಗಳಿಂದ ಇತ್ತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು, ಆ ಸಾಲು ಕೈಪಿಡಿಯಿಂದ ಹೋಯಿತು, ರಾತ್ರಿ 10ಕ್ಕೆ ಕಟ್ಟಡದ ದೀಪ ಆರಿಸತೊಡಗಿದರು. ಕೋರ್ಟ್ ಹಾಕಿದ ದಂಡ 5 ಲಕ್ಷ ಯೆನ್, ಅಷ್ಟು ದೊಡ್ಡ ಕಂಪನಿಗೆ ಏನೂ ಅಲ್ಲ. ಆದರೆ 2018ರಲ್ಲಿ ಜಪಾನ್ ಕಾನೂನನ್ನೇ ಬದಲಿಸಿತು. ಓಟಿ ಸಾಮಾನ್ಯವಾಗಿ ತಿಂಗಳಿಗೆ 45, ವರ್ಷಕ್ಕೆ 360 ಗಂಟೆ, ಮೀರಿದರೆ ಶಿಕ್ಷೆ.

ನಮ್ಮಲ್ಲೂ 2024ರಲ್ಲಿ ಪುಣೆಯ ದೊಡ್ಡ ಲೆಕ್ಕಪತ್ರ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಿಗೆ 26 ವರ್ಷದ ಯುವತಿ ತೀರಿಕೊಂಡಾಗ ಅವರ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಪತ್ರ ಬರೆದರು. ಅಂತ್ಯಕ್ರಿಯೆಗೆ ಕಚೇರಿಯಿಂದ ಒಬ್ಬರೂ ಬರಲಿಲ್ಲ ಎಂಬ ಮಾತು ಆ ಪತ್ರದಲ್ಲಿತ್ತು. ಕೆಲವು ವಾರ ದೇಶವೆಲ್ಲ ಮಾತಾಡಿತು. ಆಮೇಲೆ 90 ಗಂಟೆಯ ಮಾತು ಬಂತು.

ಮುಂದೆ ಏನಾಗಬಹುದು?

ಫೋನ್ ಎತ್ತದಿರುವ ಹಕ್ಕಿನ ಮಸೂದೆ ಬೇಗ ಕಾನೂನಾಗುವ ಸಾಧ್ಯತೆ ಕಡಿಮೆ. ಖಾಸಗಿ ಮಸೂದೆಯೊಂದು ನಮ್ಮ ಸಂಸತ್ತಿನಲ್ಲಿ ಕೊನೆಯ ಸಲ ಪಾಸಾದದ್ದು 1970ರಲ್ಲಿ. ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಈ ಹಕ್ಕು ಕೊಟ್ಟಿವೆ, ಹಾಗಾಗಿ ವಿಷಯ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಗಮನ ಇಡಬೇಕಾದದ್ದು ಸಂಹಿತೆಗಳ ಕೆಳಗಿನ ನಿಯಮಗಳ ಮೇಲೆ ಮತ್ತು ರಾಜ್ಯದ 1961ರ ಕಾಯ್ದೆಯ ತಿದ್ದುಪಡಿಯ ಮೇಲೆ. ಎಷ್ಟು ಗಂಟೆ ಅನ್ನುವುದರಷ್ಟೇ ಮುಖ್ಯವಾದದ್ದು, ಆ ಗಂಟೆಯನ್ನು ಯಾರು ದಾಖಲಿಸುತ್ತಾರೆ ಅನ್ನುವುದು. ಲಾಗಿನ್ ಮತ್ತು ಪಂಚಿಂಗ್ ದಾಖಲೆಯನ್ನೇ ಓಟಿ ರಿಜಿಸ್ಟರ್ ಎಂದು ಪರಿಗಣಿಸಬೇಕು, ನೌಕರರು ತಮ್ಮ ದಾಖಲೆಯನ್ನು ತಾವೇ ನೋಡುವಂತಿರಬೇಕು ಎಂದು ಎರಡು ಸಾಲು ಸೇರಿಸಿದರೆ ಚಿತ್ರ ಬದಲಾಗುತ್ತದೆ. ಆಗ 59 ಗಂಟೆ ದುಡಿಸುವ ಕಂಪನಿ 48 ಮತ್ತು 22 ಸೇರಿ 70 ಗಂಟೆಯ ಸಂಬಳ ಕೊಡಬೇಕಾಗುತ್ತದೆ. ಅದಕ್ಕಿಂತ ಇನ್ನಿಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದೇ ಅಗ್ಗ ಅಂತ ಲೆಕ್ಕಿಗರೇ ಹೇಳುತ್ತಾರೆ. ಸೇಲ್ಸ್‌ನವರ ಕತ್ತರಿಯೂ ಆಗ ನೋಡಿಕೊಂಡು ಆಡುತ್ತದೆ.

ಆ ಎರಡು ಸಾಲು ಇಲ್ಲದೆ ಮಿತಿಯನ್ನಷ್ಟೇ ಏರಿಸಿದರೆ, ಜಪಾನಿನ ದಾಖಲೆಯಲ್ಲಿ 69.9 ಇದ್ದ ಜಾಗದಲ್ಲಿ ನಮ್ಮ ದಾಖಲೆಯಲ್ಲಿ 143.9 ಇರುತ್ತದೆ. ಕರಡು ನಿಯಮಗಳಿಗೆ ಆಕ್ಷೇಪಣೆ ಸಲ್ಲಿಸಲು ಸರ್ಕಾರ ಅವಕಾಶ ಕೊಡುತ್ತದೆ. ಅದರಲ್ಲಿ ಗಂಟೆಯ ಅಂಕಿಯ ಬಗ್ಗೆ ಬರೆಯುವವರು ರಿಜಿಸ್ಟರಿನ ಬಗ್ಗೆಯೂ ಬರೆಯಲಿ.